ರ‍್ಯಾಕಿನ ನೆತ್ತಿಯ ಸ್ವಿಚ್: ಸರ್ವರ್ ಸಮೂಹವನ್ನು ಜಾಲಕ್ಕೆ ಜೋಡಿಸುವ ಬಗೆ

ಗಣಕಜಾಲದ ಪಾಠವು ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಶಾಲೆಯ ಪ್ರಯೋಗಾಲಯದ ಗೋಡೆಗಳನ್ನು ದಾಟುವುದಿಲ್ಲ. ಹತ್ತು ಹದಿನೈದು ಗಣಕಗಳು, ಅವುಗಳ ನಡುವೆ ಒಂದು ಸ್ವಿಚ್, ಅದರಿಂದ ಹೊರಡುವ ಕೇಬಲುಗಳು, ಇಷ್ಟನ್ನು ತೋರಿಸಿ ಪಾಠವನ್ನು ಮುಗಿಸುತ್ತೇವೆ. ಆದರೆ ಮಕ್ಕಳು ಹೊರಗೆ ಕೇಳುವ ಮಾತು ಬೇರೆಯದು. ಪಡಿತರ ಅಂಗಡಿಯಲ್ಲಿ ಬೆರಳೊತ್ತಿ ಕಾದವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಸಿಗುತ್ತದೆ. ಹತ್ತನೆಯ ತರಗತಿಯ ಫಲಿತಾಂಶದ ದಿನ ಪುಟ ತೆರೆಯದಿದ್ದರೆ ಅದಕ್ಕೂ ಸರ್ವರೇ ಕಾರಣವೆನ್ನುತ್ತಾರೆ. ಹೀಗೆ ಸರ್ವರ್ ಎಂಬುದು ಮಗುವಿನ ಪಾಲಿಗೆ ಎಲ್ಲಿಯೋ ಇರುವ, ಕರೆದಾಗ ಓಗೊಡದ ಒಂದು ಅಜ್ಞಾತ ವಸ್ತುವಾಗಿ ಉಳಿದುಬಿಡುತ್ತದೆ. ವಾಸ್ತವದಲ್ಲಿ ಅನೇಕ ವೇಳೆ ಸರ್ವರ್ ಕೆಟ್ಟಿರುವುದೇ ಇಲ್ಲ. ಅಂಗಡಿಯ ಮೊಬೈಲ್ ಸಂಪರ್ಕದಿಂದ ಹಿಡಿದು ದತ್ತಾಂಶ ಕೇಂದ್ರದೊಳಗಿನ ಒಂದು ಮಾರುದ್ದದ ಕೇಬಲಿನವರೆಗೆ ದಾರಿಯು ಎಲ್ಲಿ ಬೇಕಾದರೂ ಕಡಿದಿರಬಹುದು. ಆ ಕೊನೆಯ ಒಂದು ಮಾರಿನ ದಾರಿಯನ್ನು ಕುರಿತದ್ದು ಈ ಪಾಠ. ಎಂಟರಿಂದ ಹತ್ತನೆಯ ತರಗತಿಯವರೆಗೆ ಇದನ್ನು ಮೂರು ಅವಧಿಗಳಲ್ಲಿ ಬೋಧಿಸಬಹುದು. ಗಣಿತದ ಅನುಪಾತ ಮತ್ತು ಭೌತಶಾಸ್ತ್ರದ ಬೆಳಕಿನ ಪಾಠಗಳು ಮುಗಿದ ಮೇಲೆ ತೆಗೆದುಕೊಂಡರೆ ಅನುಕೂಲ.

ಮೊದಲು ಪದಗಳು

‘ಸ್ವಿಚ್’ ಎಂದೊಡನೆ ಮಕ್ಕಳ ಕಣ್ಣ ಮುಂದೆ ಬರುವುದು ಗೋಡೆಯ ಮೇಲಿನ ದೀಪದ ಸ್ವಿಚ್ಚು. ಅದು ಆರಿಸುವ ಅಥವಾ ಹೊತ್ತಿಸುವ ಸಾಧನ. ಜಾಲದ ಸ್ವಿಚ್ ಹಾಗಲ್ಲ. ಅಂಚೆ ಕಚೇರಿಯಲ್ಲಿ ಪತ್ರಗಳನ್ನು ವಿಂಗಡಿಸುವವನ ಕೆಲಸ ಅದರದು. ಬಂದ ಪ್ರತಿಯೊಂದು ಚೂರು ದತ್ತಾಂಶದ ಮೇಲಿನ ವಿಳಾಸವನ್ನು ನೋಡಿ, ಅದು ಯಾವ ಬಾಗಿಲಿನಿಂದ ಹೊರಹೋಗಬೇಕೋ ಆ ಬಾಗಿಲಿಗೆ ಮಾತ್ರ ಕಳುಹಿಸುತ್ತದೆ. ಈ ಬಾಗಿಲೇ ‘ಪೋರ್ಟ್’. ಪ್ರತಿ ಪೋರ್ಟಿನ ಆಚೆ ಯಾರಿದ್ದಾರೆಂಬುದನ್ನು ಸ್ವಿಚ್ಚಿಗೆ ಯಾರೂ ಹೇಳಿಕೊಡುವುದಿಲ್ಲ. ಬಂದ ಚೂರಿನ ಮೇಲಿರುವ ಕಳುಹಿಸಿದವರ ವಿಳಾಸವನ್ನು ಓದಿ ತಾನೇ ಬರೆದಿಟ್ಟುಕೊಳ್ಳುತ್ತದೆ. ವಿಳಾಸ ಗೊತ್ತಿಲ್ಲದ ಚೂರು ಬಂದರೆ, ಬಂದ ಬಾಗಿಲೊಂದನ್ನು ಬಿಟ್ಟು ಉಳಿದೆಲ್ಲ ಬಾಗಿಲುಗಳಿಗೂ ಅದರ ಪ್ರತಿಯನ್ನು ಹಂಚುತ್ತದೆ. ಈ ವಿಳಾಸವು 48 ಬಿಟ್‌ಗಳದ್ದು. ಹದಿನಾರರ ಆಧಾರದ ಸಂಖ್ಯಾಪದ್ಧತಿಯಲ್ಲಿ 12 ಅಂಕಿಗಳಾಗಿ ಬರೆಯುತ್ತಾರೆ. ಪ್ರಯೋಗಾಲಯದ ಯಾವ ಗಣಕದಲ್ಲಿಯಾದರೂ ಇದನ್ನು ತೋರಿಸಬಹುದು.

ಗಡಿಭಾಗದ ನಮ್ಮ ಮಕ್ಕಳು ಪೇಟೆಯಲ್ಲಿ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ವ್ಯವಹರಿಸಿ ಬಂದವರು. ಸ್ವಿಚ್, ಸರ್ವರ್, ಕೇಬಲ್ ಎಂಬ ಪದಗಳು ಆ ಎಲ್ಲ ಭಾಷೆಗಳಲ್ಲೂ ಹಾಗೆಯೇ ಬಳಕೆಯಲ್ಲಿವೆ. ಅವುಗಳಿಗೆ ಉದ್ದನೆಯ ಸಂಸ್ಕೃತ ಪದಗಳನ್ನು ಕಟ್ಟುವುದರಿಂದ ಮಗುವಿಗೆ ಲಾಭವಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಹೆಸರನ್ನು ಇದ್ದಂತೆಯೇ ಇಟ್ಟು, ಅದು ಮಾಡುವ ಕೆಲಸವನ್ನು ತಿಳಿಗನ್ನಡದಲ್ಲಿ ವಿವರಿಸಿದರೆ ಸಾಕು.

ಆಳೆತ್ತರದ ಕಪಾಟು

ದತ್ತಾಂಶ ಕೇಂದ್ರದಲ್ಲಿ ಸರ್ವರುಗಳನ್ನು ಮೇಜಿನ ಮೇಲೆ ಇಡುವುದಿಲ್ಲ. ತಟ್ಟೆಗಳನ್ನು ಅಡಕಿದಂತೆ ಉಕ್ಕಿನ ಚೌಕಟ್ಟಿನಲ್ಲಿ ಒಂದರ ಮೇಲೊಂದು ಜೋಡಿಸುತ್ತಾರೆ. ಈ ಚೌಕಟ್ಟೇ ರ‍್ಯಾಕ್. ಅದಕ್ಕೆ ಜಗತ್ತಿನಾದ್ಯಂತ ಒಂದೇ ಅಳತೆ: ಉಪಕರಣದ ಮುಖದ ಅಗಲ 19 ಅಂಗುಲ. ಎತ್ತರವನ್ನು ‘ಯು’ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಯು ಎಂದರೆ 1.75 ಅಂಗುಲ, ಅಂದರೆ 44.45 ಮಿಲಿಮೀಟರ್. ಸಾಮಾನ್ಯವಾದ ರ‍್ಯಾಕಿನಲ್ಲಿ 42 ಯು ಸ್ಥಳವಿರುತ್ತದೆ. ಇದರ ಎತ್ತರವನ್ನು ಮಕ್ಕಳೇ ಗುಣಿಸಲಿ, ಸುಮಾರು 1.87 ಮೀಟರ್ ಬರುತ್ತದೆ, ಒಂದು ಆಳೆತ್ತರ. ಹಲವು ಸರ್ವರುಗಳು ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವಾಗ ಅವುಗಳನ್ನು ಒಟ್ಟಾಗಿ ಸರ್ವರ್ ಸಮೂಹ ಎನ್ನುತ್ತೇವೆ. ಫಲಿತಾಂಶ ನೀಡುವ ತಾಣದ ಹಿಂದೆ ಇರುವುದು ಇಂತಹ ಸಮೂಹವೇ.

ಈಗ ಪ್ರಶ್ನೆ: ಒಂದು ರ‍್ಯಾಕಿನಲ್ಲಿ 20 ಸರ್ವರುಗಳಿವೆ, ಪ್ರತಿಯೊಂದಕ್ಕೂ ಎರಡು ಸಂಪರ್ಕಗಳು ಬೇಕು. ಸ್ವಿಚ್ ಎಲ್ಲಿರಬೇಕು? ಸಾಲಿನ ತುದಿಯಲ್ಲಿ ಒಂದು ದೊಡ್ಡ ಸ್ವಿಚ್ ಇಟ್ಟು ಎಲ್ಲ ಕೇಬಲುಗಳನ್ನೂ ಅಲ್ಲಿಗೆ ಎಳೆಯುವುದು ಒಂದು ಕ್ರಮ. ಪ್ರತಿಯೊಂದು ರ‍್ಯಾಕಿಗೂ ಅದರದೇ ಚಿಕ್ಕ ಸ್ವಿಚ್ಚುಗಳನ್ನು ಕೊಡುವುದು ಇನ್ನೊಂದು. ಎರಡನೆಯದನ್ನು ‘ಟಾಪ್ ಆಫ್ ರ‍್ಯಾಕ್’ ಸ್ವಿಚ್ ಎನ್ನುತ್ತಾರೆ. ನಾವು ನೆತ್ತಿಯ ಸ್ವಿಚ್ ಎನ್ನೋಣ. ಹೆಸರು ಹೀಗಿದ್ದರೂ ಕೆಲವರು ಅದನ್ನು ರ‍್ಯಾಕಿನ ನಡುವಿನಲ್ಲಿ ಕೂರಿಸುವುದುಂಟು, ಮೇಲಿನ ಮತ್ತು ಕೆಳಗಿನ ಸರ್ವರುಗಳೆರಡಕ್ಕೂ ಕೇಬಲ್ ಗಿಡ್ಡವಾಗುತ್ತದೆಂದು.

ಎರಡು ಕ್ರಮಗಳ ವ್ಯತ್ಯಾಸವನ್ನು ಲೆಕ್ಕ ಹಾಕಿಸಬೇಕು. ತುದಿಯ ಸ್ವಿಚ್ 15 ಮೀಟರ್ ದೂರದಲ್ಲಿದೆಯೆಂದು ಊಹಿಸಿದರೆ ಮೊದಲ ಕ್ರಮಕ್ಕೆ 40 ಕೇಬಲುಗಳು, 600 ಮೀಟರ್ ಬೇಕು. ಎರಡನೆಯದರಲ್ಲಿ ಸರ್ವರಿನಿಂದ ನೆತ್ತಿಗೆ 2 ಮೀಟರಿನ 40 ಕೇಬಲುಗಳು, ಒಟ್ಟು 80 ಮೀಟರ್. ಎರಡು ನೆತ್ತಿಯ ಸ್ವಿಚ್ಚುಗಳಿಂದ ಹೊರಗೆ ತಲಾ ನಾಲ್ಕರಂತೆ 8 ಕೇಬಲುಗಳು, 120 ಮೀಟರ್. ಒಟ್ಟು 200 ಮೀಟರ್. ಉಳಿತಾಯಕ್ಕಿಂತಲೂ ಮುಖ್ಯವಾದದ್ದು, ರ‍್ಯಾಕಿನಿಂದ ಹೊರಹೋಗುವ ಕೇಬಲುಗಳ ಸಂಖ್ಯೆ 40ರಿಂದ 8ಕ್ಕೆ ಇಳಿದಿರುವುದು. ಇಂತಹ ಹತ್ತು ರ‍್ಯಾಕುಗಳಿದ್ದರೆ 400 ಕೇಬಲುಗಳ ಕಟ್ಟಿನಲ್ಲಿ ಕೆಟ್ಟ ಒಂದನ್ನು ಹುಡುಕುವುದೂ 80ರಲ್ಲಿ ಹುಡುಕುವುದೂ ಒಂದೇ ಅಲ್ಲ. ಪ್ರತಿಯಾಗಿ, ಸ್ವಿಚ್ಚುಗಳ ಸಂಖ್ಯೆ ಹೆಚ್ಚುತ್ತದೆ, ಅವುಗಳನ್ನು ನೋಡಿಕೊಳ್ಳುವ ಕೆಲಸವೂ ಹೆಚ್ಚುತ್ತದೆ. ಇದನ್ನು ಮಕ್ಕಳಿಂದಲೇ ಹೇಳಿಸುವುದು ಒಳ್ಳೆಯದು.

ತಾಮ್ರವೋ ಬೆಳಕೋ

ಗಿಡ್ಡ ಕೇಬಲಿನಿಂದ ಇನ್ನೊಂದು ಲಾಭವಿದೆ. ಸೆಕೆಂಡಿಗೆ 25 ಗಿಗಾಬಿಟ್‌ನಷ್ಟು ವೇಗದಲ್ಲಿ ತಾಮ್ರದ ತಂತಿಯಲ್ಲಿ ಸಾಗುವ ಸಂಕೇತವು ಬಹುಬೇಗ ಕ್ಷೀಣಿಸುತ್ತದೆ. ಆವರ್ತಾಂಕ ಹೆಚ್ಚಿದಷ್ಟೂ ತಂತಿಯಲ್ಲಿ ಆಗುವ ನಷ್ಟ ಹೆಚ್ಚು. ಆದುದರಿಂದ ಎರಡೂ ತುದಿಗೆ ಕೊಂಡಿಗಳನ್ನು ಕಾರ್ಖಾನೆಯಲ್ಲಿಯೇ ಕೂರಿಸಿದ ತಾಮ್ರದ ಕೇಬಲುಗಳು ಈ ವೇಗದಲ್ಲಿ ಸಾಮಾನ್ಯವಾಗಿ 3 ಮೀಟರಿನವರೆಗೆ, ದೋಷ ತಿದ್ದುವ ವ್ಯವಸ್ಥೆಯ ನೆರವಿದ್ದರೆ 5 ಮೀಟರಿನವರೆಗೆ ಕೆಲಸ ಮಾಡುತ್ತವೆ. ರ‍್ಯಾಕಿನೊಳಗೆ ಇಷ್ಟು ಸಾಕು. ಅವು ಅಗ್ಗ, ಗಟ್ಟಿ, ಹೆಚ್ಚಿನ ವಿದ್ಯುತ್ತನ್ನೂ ಬೇಡುವುದಿಲ್ಲ. ರ‍್ಯಾಕಿನಿಂದ ಹೊರಗೆ ಹೋಗುವಾಗ ದ್ಯುತಿ ತಂತು ಬೇಕಾಗುತ್ತದೆ. ಭೌತಶಾಸ್ತ್ರದ ಪೂರ್ಣ ಆಂತರಿಕ ಪ್ರತಿಫಲನವನ್ನು ಇಲ್ಲಿ ನೆನಪಿಸಬೇಕು. ಗಾಜಿನ ಕೂದಲೆಳೆಯೊಳಗೆ ಬೆಳಕು ಹೊರಚೆಲ್ಲದೆ ಸಾಗುವುದು ಆ ತತ್ತ್ವದಿಂದಲೇ. ದ್ಯುತಿ ತಂತುವಿನಲ್ಲಿ ಕಳುಹಿಸುವ ಎಳೆ ಒಂದು, ಸ್ವೀಕರಿಸುವ ಎಳೆ ಇನ್ನೊಂದು ಇರುವುದೇ ಹೆಚ್ಚು. ಒಂದು ತುದಿಯಲ್ಲಿ ಕಳುಹಿಸುವ ಬಾಯಿಗೆ ಸೇರಿದ ಎಳೆ ಇನ್ನೊಂದು ತುದಿಯಲ್ಲಿ ಸ್ವೀಕರಿಸುವ ಬಾಯಿಗೆ ಸೇರಬೇಕು. ಎರಡು ಬಾಯಿಗಳೂ ಎದುರುಬದುರಾಗಿ ಮಾತನಾಡುತ್ತ ಕಿವಿಗಳು ಖಾಲಿಯಿದ್ದರೆ ಸಂಪರ್ಕ ಏಳುವುದಿಲ್ಲ. ಕೊಂಡಿಯ ತುದಿಯಲ್ಲಿ ಕುಳಿತ ಧೂಳಿನ ಒಂದು ಕಣವೂ ಇದೇ ತೊಂದರೆಯನ್ನು ತರಬಲ್ಲುದು.

ಎಚ್ಚರಿಕೆಯ ಒಂದು ಮಾತು: ದ್ಯುತಿ ತಂತುವಿನ ತುದಿಯನ್ನಾಗಲಿ ಅದನ್ನು ಸಿಕ್ಕಿಸುವ ಪೋರ್ಟನ್ನಾಗಲಿ ಕಣ್ಣಿಗೆ ಹಿಡಿದು ನೋಡಬಾರದು. ಅದರೊಳಗಿನ ಬೆಳಕು ಅವಕೆಂಪು. ಅದು ಕಾಣಿಸದಿರುವುದರಿಂದ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಹಳೆಯ ತುಂಡೊಂದನ್ನು ತರಗತಿಗೆ ತಂದರೂ ಈ ಶಿಸ್ತನ್ನು ಮೊದಲ ದಿನವೇ ಕಲಿಸಬೇಕು.

ಬಿಟ್ ಮತ್ತು ಬೈಟ್‌ಗಳ ಗೊಂದಲವನ್ನೂ ಇಲ್ಲಿಯೇ ಬಿಡಿಸಬಹುದು. ಜಾಲದ ವೇಗವನ್ನು ಬಿಟ್‌ನಲ್ಲಿಯೂ ಕಡತದ ಗಾತ್ರವನ್ನು ಬೈಟ್‌ನಲ್ಲಿಯೂ ಹೇಳುವುದು ರೂಢಿ. 25 ಗಿಗಾಬಿಟ್ ಎಂದರೆ 3.125 ಗಿಗಾಬೈಟ್.

ಎರಡು ದಾರಿಗಳು

ನೆತ್ತಿಯ ಸ್ವಿಚ್ ಒಂದೇ ಇದ್ದರೆ, ಅದು ಕೆಟ್ಟ ಗಳಿಗೆಯಲ್ಲಿ ರ‍್ಯಾಕಿನ ಇಪ್ಪತ್ತು ಸರ್ವರುಗಳೂ ಸುಸ್ಥಿತಿಯಲ್ಲಿದ್ದೇ ಮೂಕವಾಗುತ್ತವೆ. ಅದಕ್ಕಾಗಿ ಎರಡು ಸ್ವಿಚ್ಚುಗಳನ್ನಿಟ್ಟು ಪ್ರತಿ ಸರ್ವರಿನ ಒಂದು ಪೋರ್ಟನ್ನು ಮೊದಲನೆಯದಕ್ಕೂ ಇನ್ನೊಂದನ್ನು ಎರಡನೆಯದಕ್ಕೂ ಜೋಡಿಸುತ್ತಾರೆ. ಅವಸರದಲ್ಲಿ ಎರಡು ಕೇಬಲುಗಳನ್ನೂ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದರೆ ನೋಡುವವರಿಗೆ ಎರಡು ದಾರಿ ಕಾಣುತ್ತದೆ, ದೀಪಗಳೂ ಉರಿಯುತ್ತವೆ, ರಕ್ಷಣೆ ಮಾತ್ರ ಇರುವುದಿಲ್ಲ. ವಿದ್ಯುತ್ತಿನ ವಿಷಯದಲ್ಲಿಯೂ ಇದೇ ನಿಯಮ. ರ‍್ಯಾಕಿಗೆ ಎರಡು ಪ್ರತ್ಯೇಕ ವಿದ್ಯುತ್ ಮಾರ್ಗಗಳು ಬರುತ್ತವೆ. ಪ್ರತಿ ಸ್ವಿಚ್ಚಿನ ಎರಡು ವಿದ್ಯುತ್ ಘಟಕಗಳನ್ನು ಎರಡು ಬೇರೆ ಮಾರ್ಗಗಳಿಗೆ ಕೊಡಬೇಕು.

ಸರ್ವರಿನ ಎರಡು ಕೇಬಲುಗಳನ್ನು ಬಳಸುವ ರೀತಿಗಳೂ ಎರಡು. ಒಂದನ್ನು ದುಡಿಸಿ ಇನ್ನೊಂದನ್ನು ಆಪತ್ತಿಗೆಂದು ಕಾದಿರಿಸಬಹುದು. ಇಲ್ಲವೇ ಎರಡನ್ನೂ ಒಟ್ಟಿಗೆ ಕಟ್ಟಿ ಒಂದೇ ಸಂಪರ್ಕದಂತೆ ದುಡಿಸಬಹುದು. ಈ ಕಟ್ಟುವಿಕೆಯ ಮಾನಕ 2000ದಲ್ಲಿ ಈಥರ್‌ನೆಟ್ ನಿಯಮಾವಳಿಗೆ ಸೇರಿತು. ಆದರೆ ಆ ಮಾನಕದ ಪ್ರಕಾರ ಕಟ್ಟಿನ ಎರಡೂ ಎಳೆಗಳು ಒಂದೇ ಸ್ವಿಚ್ಚಿಗೆ ಹೋಗಬೇಕಿತ್ತು. ಆದುದರಿಂದ ನೆತ್ತಿಯ ಎರಡು ಸ್ವಿಚ್ಚುಗಳು ತಮ್ಮ ನಡುವೆ ಮಾಹಿತಿ ಹಂಚಿಕೊಂಡು, ಸರ್ವರಿನ ಎದುರು ಒಂದೇ ಸ್ವಿಚ್ಚಿನಂತೆ ನಟಿಸುವ ಏರ್ಪಾಡನ್ನು ತಯಾರಕರು ತಂತಮ್ಮ ರೀತಿಯಲ್ಲಿ ರೂಪಿಸಿದರು.

ಇಲ್ಲೊಂದು ತಪ್ಪು ಕಲ್ಪನೆ ಮಕ್ಕಳಲ್ಲಿ ಮಾತ್ರವಲ್ಲ, ದೊಡ್ಡವರಲ್ಲಿಯೂ ಇದೆ. 25 ಗಿಗಾಬಿಟ್‌ನ ಎರಡು ಎಳೆಗಳನ್ನು ಕಟ್ಟಿದರೆ ಯಾವ ಕಡತವಾದರೂ 50 ಗಿಗಾಬಿಟ್ ವೇಗದಲ್ಲಿ ಓಡುತ್ತದೆಯೆಂದು ತಿಳಿಯುತ್ತಾರೆ. ಹಾಗಾಗುವುದಿಲ್ಲ. ಒಂದು ಸಂಭಾಷಣೆಯ ಎಲ್ಲ ಚೂರುಗಳೂ ಒಂದೇ ಎಳೆಯ ಮೇಲೆ ಹೋಗುತ್ತವೆ. ಒಂದು ದೀರ್ಘ ಪತ್ರದ ಹಾಳೆಗಳನ್ನು ಬಿಡಿಸಿ ಎರಡು ಬಸ್ಸುಗಳಲ್ಲಿ ಕಳುಹಿಸಿದರೆ ಆರನೆಯ ಹಾಳೆ ಎರಡನೆಯದಕ್ಕಿಂತ ಮೊದಲು ತಲುಪಬಹುದು. ಪಡೆದವನು ಜೋಡಿಸುತ್ತ ಕೂರಬೇಕಾಗುತ್ತದೆ. ಅದನ್ನು ತಪ್ಪಿಸಲೆಂದೇ ಪತ್ರಕ್ಕೊಂದು ಬಸ್ಸು ಎಂಬ ನಿಯಮ. ಸಾವಿರಾರು ಮಂದಿ ಒಮ್ಮೆಲೇ ಫಲಿತಾಂಶ ಕೇಳಿದಾಗ ಸಂಭಾಷಣೆಗಳು ಎರಡೂ ಎಳೆಗಳ ಮೇಲೆ ಹಂಚಿಹೋಗುತ್ತವೆ, ಕಟ್ಟಿನ ಪ್ರಯೋಜನ ಆಗ ಕಾಣುತ್ತದೆ. ಒಂದೇ ಒಂದು ದೊಡ್ಡ ಕಡತಕ್ಕೆ ಅದು 25 ಗಿಗಾಬಿಟ್‌ನ ದಾರಿಯೇ.

ಸುತ್ತುವ ಸಂಕೇತ

ದಾರಿಗಳು ಹೆಚ್ಚಿದರೆ ಒಂದು ಅಪಾಯವೂ ಹುಟ್ಟುತ್ತದೆ. ಪ್ರಯೋಗಾಲಯದ ಸಾಮಾನ್ಯ ಸ್ವಿಚ್ಚಿನ ಎರಡು ಪೋರ್ಟುಗಳಿಗೆ ಒಂದೇ ಕೇಬಲಿನ ಎರಡು ತುದಿಗಳನ್ನು ಸಿಕ್ಕಿಸಿದರೆ ಸ್ವಲ್ಪ ಹೊತ್ತಿನಲ್ಲಿ ಇಡೀ ಪ್ರಯೋಗಾಲಯದ ಜಾಲ ಸ್ತಬ್ಧವಾಗುತ್ತದೆ. ಎಲ್ಲರಿಗೂ ಹಂಚಬೇಕಾದ ಚೂರು ಒಂದು ಬಾಗಿಲಿನಿಂದ ಹೊರಟು ಇನ್ನೊಂದರಿಂದ ಒಳಬಂದು, ಮತ್ತೆ ಹಂಚಿಹೋಗಿ, ಕೊನೆಯಿಲ್ಲದೆ ಸುತ್ತುತ್ತದೆ. ಇಷ್ಟು ಸುತ್ತಿದ ಮೇಲೆ ಸಾಯಬೇಕೆಂಬ ಎಣಿಕೆ ಈಥರ್‌ನೆಟ್ ಚೂರಿನಲ್ಲಿ ಇಲ್ಲ. ಈ ಪ್ರಯೋಗವನ್ನು ಮಾಡಿ ತೋರಿಸುವುದಾದರೆ ಶಾಲೆಯ ಕಚೇರಿಯ ಸಂಪರ್ಕವನ್ನು ಮೊದಲು ಬಿಡಿಸಿಡಬೇಕು. ಸಂಬಳದ ಬಿಲ್ಲು ಕಳುಹಿಸುವ ದಿನ ಇದನ್ನು ಮಾಡಬಾರದು.

ಇದಕ್ಕೆ ಉಪಾಯ ಹೂಡಿದವರು ಅಮೆರಿಕದ ಗಣಕ ವಿಜ್ಞಾನಿ ರೇಡಿಯಾ ಪರ್ಲ್‌ಮನ್. 1985ರಲ್ಲಿ ಅವರು ರೂಪಿಸಿದ ವಿಧಾನದಲ್ಲಿ ಸ್ವಿಚ್ಚುಗಳು ತಾವೇ ಮಾತನಾಡಿಕೊಂಡು, ಜಾಲದಲ್ಲಿ ಎಲ್ಲಿಯೂ ಸುತ್ತು ಉಳಿಯದಂತೆ ಹೆಚ್ಚಿನ ದಾರಿಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತವೆ. ತೆರೆದ ದಾರಿ ಕಡಿದರೆ ಮುಚ್ಚಿದ್ದನ್ನು ತೆರೆಯುತ್ತವೆ. ಉಳಿಯುವ ಆಕಾರ ಕೊಂಬೆಗಳು ಕೂಡದ ಮರದಂತಿರುತ್ತದೆ. ವಿಧಾನದ ಸಾರವನ್ನು ಅವರು ಒಂದು ಪುಟ್ಟ ಪದ್ಯವಾಗಿಯೂ ಬರೆದರೆಂಬುದನ್ನು ಭಾಷಾ ಶಿಕ್ಷಕರು ತರಗತಿಯಲ್ಲಿ ಹೇಳಬಹುದು.

ದತ್ತಾಂಶ ಕೇಂದ್ರಗಳು ಈ ಉಪಾಯವನ್ನು ಕ್ರಮೇಣ ಹಿಂದೆ ಸರಿಸಿದವು. ಹಣ ಕೊಟ್ಟು ಹಾಕಿದ ದಾರಿಗಳಲ್ಲಿ ಹಲವು ಮುಚ್ಚಿ ಕೂರುವುದು ಅವುಗಳಿಗೆ ಒಪ್ಪಿಗೆಯಾಗಲಿಲ್ಲ. ಪರಿಹಾರ ದೊರೆತದ್ದು ಹಳೆಯ ದೂರವಾಣಿ ವಿನಿಮಯ ಕೇಂದ್ರಗಳ ಗಣಿತದಲ್ಲಿ. ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಕ್ಲಾಸ್ 1953ರಲ್ಲಿ, ಚಿಕ್ಕ ಚಿಕ್ಕ ಸ್ವಿಚ್ಚುಗಳನ್ನು ಮೂರು ಹಂತಗಳಲ್ಲಿ ಹೆಣೆದು ದೊಡ್ಡ ಸ್ವಿಚ್ಚಿನ ಕೆಲಸವನ್ನು ಮಾಡಿಸಬಹುದೆಂದು ತೋರಿಸಿದ್ದರು. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಮೂವರು ಸಂಶೋಧಕರು ಅದೇ ಬಗೆಯ ಹೆಣಿಗೆಯನ್ನು ಅಗ್ಗದ ಸಾಮಾನ್ಯ ಸ್ವಿಚ್ಚುಗಳಿಂದ ದತ್ತಾಂಶ ಕೇಂದ್ರಕ್ಕೆ ಹೊಂದಿಸುವ ಪ್ರಬಂಧ ಪ್ರಕಟಿಸಿದರು. ಇಂದು ನೆತ್ತಿಯ ಸ್ವಿಚ್ಚನ್ನು ‘ಲೀಫ್’, ಅವುಗಳನ್ನು ಒಂದುಗೂಡಿಸುವ ಮೇಲಿನ ಸ್ವಿಚ್ಚನ್ನು ‘ಸ್ಪೈನ್’ ಎನ್ನುತ್ತಾರೆ, ಎಂದರೆ ಎಲೆ ಮತ್ತು ಬೆನ್ನೆಲುಬು. ಎಲೆಗೆ ಬೆನ್ನೆಲುಬು ಹೇಗೆ ಬಂತೆಂದು ಮಕ್ಕಳು ಕೇಳಿದರೆ ಅವರು ನಕ್ಕಷ್ಟು ನಾವೂ ನಗಬಹುದು. ಪ್ರತಿಯೊಂದು ಲೀಫ್ ಪ್ರತಿಯೊಂದು ಸ್ಪೈನ್‌ಗೂ ಸೇರಿರುತ್ತದೆ. ಈ ಭಾಗದಲ್ಲಿ ದತ್ತಾಂಶವು ಅಂತರಜಾಲದ ವಿಳಾಸದ ಮೇಲೆ ಸಾಗುತ್ತದೆ. ಆ ಚೂರುಗಳಲ್ಲಿ ಹಂತಗಳ ಎಣಿಕೆ ಇರುವುದರಿಂದ ಅವು ಕೊನೆಯಿಲ್ಲದೆ ಸುತ್ತಲಾರವು. ಆದುದರಿಂದ ಯಾವ ದಾರಿಯನ್ನೂ ಮುಚ್ಚದೆ ಎಲ್ಲವನ್ನೂ ಏಕಕಾಲದಲ್ಲಿ ದುಡಿಸಬಹುದು.

ಅನುಪಾತದ ಲೆಕ್ಕ

ಊರಿನ ನೀರಿನ ತೊಟ್ಟಿಯಿಂದ ಹೊರಡುವ ಕೊಳವೆಯ ಗಾತ್ರವನ್ನು ಎಲ್ಲ ಮನೆಗಳ ನಲ್ಲಿಗಳನ್ನು ಕೂಡಿಸಿದಷ್ಟು ಮಾಡುವುದಿಲ್ಲ. ಎಲ್ಲರೂ ಒಮ್ಮೆಗೇ ನಲ್ಲಿ ತಿರುಗಿಸಲಾರರೆಂಬ ನಂಬಿಕೆಯ ಮೇಲೆ ಅದು ನಿಂತಿದೆ. ಜಾಲದಲ್ಲಿಯೂ ಹಾಗೆಯೇ. ನೆತ್ತಿಯ ಒಂದು ಸ್ವಿಚ್ಚಿಗೆ ಕೆಳಗಿನಿಂದ 20 ಸರ್ವರುಗಳು ತಲಾ 25 ಗಿಗಾಬಿಟ್‌ನಂತೆ 500 ಗಿಗಾಬಿಟ್ ತರಬಹುದು. ಮೇಲಕ್ಕೆ ನಾಲ್ಕು ಸ್ಪೈನ್‌ಗಳಿಗೆ 100 ಗಿಗಾಬಿಟ್‌ನ ನಾಲ್ಕು ದಾರಿಗಳು, ಒಟ್ಟು 400. ಅನುಪಾತ 5:4. ಒಂದು ಸ್ಪೈನ್ ಕೆಟ್ಟರೆ ಮೇಲಿನ ದಾರಿ 300ಕ್ಕೆ ಇಳಿದು ಅನುಪಾತ 5:3 ಆಗುತ್ತದೆ. ಜಾಲ ನಿಲ್ಲುವುದಿಲ್ಲ, ಇಕ್ಕಟ್ಟಾಗುತ್ತದೆ. 10 ಗಿಗಾಬಿಟ್‌ನ 48 ಪೋರ್ಟುಗಳು ಕೆಳಗೆ, 40 ಗಿಗಾಬಿಟ್‌ನ ನಾಲ್ಕು ಮೇಲೆ ಇರುವ ಸ್ವಿಚ್ಚಿನಲ್ಲಿ ಅನುಪಾತ 3:1. ಇವುಗಳಲ್ಲಿ ಯಾವುದು ಸರಿ ಎಂದು ಕೇಳಿದರೆ ಉತ್ತರ ಸಮೂಹದ ಕೆಲಸವನ್ನು ಅವಲಂಬಿಸಿದೆ. ಪುಟ ತೋರಿಸುವ ಸರ್ವರುಗಳಿಗೆ 3:1 ಸಾಕಾಗಬಹುದು. ರ‍್ಯಾಕಿನಿಂದ ರ‍್ಯಾಕಿಗೆ ಸತತವಾಗಿ ದತ್ತಾಂಶ ಸಾಗಿಸುವ ಲೆಕ್ಕಾಚಾರದ ಸಮೂಹಕ್ಕೆ 1:1 ಬೇಕಾದೀತು.

ಬಾಗಿಲು ಮುಚ್ಚಿಹೋದಾಗ

ಪ್ರತಿ ಸರ್ವರಿನಲ್ಲಿ ಮೂರನೆಯ ಒಂದು ಪೋರ್ಟ್ ಇರುತ್ತದೆ. ಅದು ಸರ್ವರಿನೊಳಗಿನ ಪುಟ್ಟ ನಿರ್ವಹಣಾ ಗಣಕದ್ದು. ಸರ್ವರ್ ಸ್ತಬ್ಧವಾಗಿದ್ದರೂ ದೂರದಿಂದಲೇ ಅದನ್ನು ಆರಿಸಿ ಹೊತ್ತಿಸಲು ಈ ದಾರಿ ಬೇಕು. ಇದನ್ನು ನೆತ್ತಿಯ ಮುಖ್ಯ ಸ್ವಿಚ್ಚುಗಳಿಗೆ ಸೇರಿಸದೆ, ಪ್ರತ್ಯೇಕವಾದ ಒಂದು ಚಿಕ್ಕ ಸ್ವಿಚ್ಚಿಗೆ ಸೇರಿಸಬೇಕು; ಮುಖ್ಯ ಸ್ವಿಚ್ಚುಗಳ ನಿರ್ವಹಣಾ ಪೋರ್ಟುಗಳೂ ಅಲ್ಲಿಗೇ ಬರಬೇಕು. ಕಾರಣವನ್ನು ಮಕ್ಕಳೇ ಊಹಿಸಬಲ್ಲರು: ಬೀಗ ಕೆಟ್ಟಾಗ ಬೇಕಾಗುವ ಕೀಲಿಯನ್ನು ಅದೇ ಮನೆಯೊಳಗೆ ಇಡಬಾರದು.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆಗಳ ಕಾಲ ಜಗತ್ತಿನಾದ್ಯಂತ ನಿಂತಿದ್ದವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶವು ಆ ಸಂಸ್ಥೆಯ ದತ್ತಾಂಶ ಕೇಂದ್ರಗಳನ್ನು ಬೆಸೆಯುವ ಬೆನ್ನೆಲುಬು ಜಾಲವನ್ನೇ ಕಡಿದಿತ್ತು. ಅಂತಹ ಆದೇಶವನ್ನು ತಡೆಯಬೇಕಾಗಿದ್ದ ತಪಾಸಣಾ ತಂತ್ರಾಂಶದಲ್ಲಿ ದೋಷವಿತ್ತು. ದೂರದಿಂದ ಸರಿಪಡಿಸಲು ಹೋದರೆ ಮುಖ್ಯ ಜಾಲವೂ ಇರಲಿಲ್ಲ, ಆಪತ್ತಿಗೆಂದು ಇಟ್ಟುಕೊಂಡ ಪ್ರತ್ಯೇಕ ಜಾಲವೂ ಸಿಗಲಿಲ್ಲ. ಕೊನೆಗೆ ಎಂಜಿನಿಯರುಗಳನ್ನು ಕೇಂದ್ರಗಳಿಗೆ ಕಳುಹಿಸಬೇಕಾಯಿತು. ಬಿಗಿ ಭದ್ರತೆಯ ಆ ಕಟ್ಟಡಗಳನ್ನು ಹೊಕ್ಕು ಉಪಕರಣಗಳನ್ನು ಮುಟ್ಟುವುದಕ್ಕೂ ಸಮಯ ಹಿಡಿಯಿತು. ಸಂಸ್ಥೆಯೇ ಈ ವಿವರಗಳನ್ನು ಆಮೇಲೆ ಪ್ರಕಟಿಸಿತು. ಪ್ರತ್ಯೇಕ ದಾರಿಯೊಂದು ಇದೆಯೆಂದು ನಕ್ಷೆಯಲ್ಲಿ ಬರೆದಿರುವುದು ಬೇರೆ, ಆಪತ್ತಿನಲ್ಲಿ ಅದು ತೆರೆಯುತ್ತದೆಯೆಂದು ಆಗಾಗ ತೆರೆದು ನೋಡಿರುವುದು ಬೇರೆ.

ಜೋಡಿಸಿದ ಮೇಲಿನ ಪರೀಕ್ಷೆಯೂ ಇದೇ ಬಗೆಯದು. ಕೇಬಲಿನ ಎರಡೂ ತುದಿಗಳಿಗೆ ಒಂದೇ ಗುರುತಿನ ಚೀಟಿ ಅಂಟಿಸಿರಬೇಕು. ಸ್ವಿಚ್ಚುಗಳು ನೆರೆಯವರಿಗೆ ತಮ್ಮ ಹೆಸರು ಮತ್ತು ಪೋರ್ಟ್ ಸಂಖ್ಯೆಯನ್ನು ಹೇಳಿಕೊಳ್ಳುವ ಮಾನಕವೊಂದಿದೆ. ಅದು ಹೇಳುವುದೂ ಚೀಟಿ ಹೇಳುವುದೂ ಒಂದೇ ಆಗಿದೆಯೇ ಎಂದು ತಾಳೆ ನೋಡುತ್ತಾರೆ. ಬಳಿಕ, ಸಮೂಹ ಕೆಲಸದಲ್ಲಿರುವಾಗಲೇ ಒಂದು ಕೇಬಲನ್ನು ಕಿತ್ತು, ಆಮೇಲೆ ಒಂದು ಸ್ವಿಚ್ಚನ್ನೇ ಆರಿಸಿ, ಕೆಲಸ ನಡೆಯುತ್ತಿದೆಯೇ ನೋಡುತ್ತಾರೆ. ಬಳಕೆದಾರರು ಬರುವ ಮೊದಲೇ ಇದು ಮುಗಿಯಬೇಕು. ಗಾಳಿಯ ದಿಕ್ಕು ಬಹಳ ಮಂದಿ ಮರೆಯುವ ಸಂಗತಿ. ಸರ್ವರುಗಳು ಮುಂದಿನಿಂದ ತಣ್ಣನೆಯ ಗಾಳಿಯನ್ನೆಳೆದು ಹಿಂದಕ್ಕೆ ಬಿಸಿಗಾಳಿ ಬಿಡುತ್ತವೆ, ಪೋರ್ಟುಗಳು ಹಿಂದೆ ಇರುತ್ತವೆ. ಸ್ವಿಚ್ಚನ್ನೂ ಪೋರ್ಟುಗಳು ಹಿಂದಾಗುವಂತೆ ಕೂರಿಸಿದಾಗ ಅದರ ಫ್ಯಾನುಗಳು ಗಾಳಿಯನ್ನು ಪೋರ್ಟುಗಳ ಕಡೆಗೆ ದೂಡುವಂತಿರಬೇಕು. ತಿರುವುಮುರುವಾದರೆ ಸ್ವಿಚ್ ಇಪ್ಪತ್ತು ಸರ್ವರುಗಳ ಬಿಸಿಯುಸಿರನ್ನೇ ಸೇದುತ್ತದೆ.

ತರಗತಿಯ ಚಟುವಟಿಕೆ

ಎಂಟು ಮಕ್ಕಳು ಸರ್ವರುಗಳಾಗಿ ನಾಲ್ವರಂತೆ ಎರಡು ಗುಂಪುಗಳಲ್ಲಿ ಕೂರಲಿ. ಒಂದೊಂದು ಗುಂಪು ಒಂದು ರ‍್ಯಾಕ್. ಪ್ರತಿ ಗುಂಪಿಗೆ ಇಬ್ಬರು ನೆತ್ತಿಯ ಸ್ವಿಚ್ಚುಗಳು, ನಡುವೆ ಇಬ್ಬರು ಸ್ಪೈನ್‌ಗಳು. ಸಂಪರ್ಕಗಳಿಗೆ ಸೆಣಬಿನ ದಾರವನ್ನು ಬಳಸಬಹುದು. ವಿಳಾಸ ಬರೆದ ಚೀಟಿಗಳನ್ನು ದಾರವಿರುವ ಕಡೆ ಮಾತ್ರ ಕೈಯಿಂದ ಕೈಗೆ ದಾಟಿಸಬೇಕು. ಒಂದು ನಿಮಿಷದಲ್ಲಿ ತಲುಪಿದ ಚೀಟಿಗಳನ್ನು ಎಣಿಸಿ. ಅನಂತರ ಮುನ್ಸೂಚನೆಯಿಲ್ಲದೆ ಒಬ್ಬ ಸ್ಪೈನ್‌ನನ್ನು ಕೂರಿಸಿ, ಮತ್ತೆ ಎಣಿಸಿ. ಮೂರನೆಯ ಸಲ ಒಬ್ಬ ನೆತ್ತಿಯ ಸ್ವಿಚ್ಚನ್ನು ಕೂರಿಸಿ. ಮೊದಲೇ ಎರಡು ದಾರಗಳನ್ನೂ ಒಬ್ಬನಿಗೇ ಕೊಟ್ಟುಕೊಂಡ ಸರ್ವರ್ ಇದ್ದರೆ, ಅವನ ಕೈಯಲ್ಲಿ ಚೀಟಿಗಳು ಉಳಿದುಹೋಗುವುದನ್ನು ಇಡೀ ತರಗತಿ ನೋಡುತ್ತದೆ. ಅವನನ್ನು ನಗೆಪಾಟಲು ಮಾಡದಂತೆ ನೋಡಿಕೊಳ್ಳಬೇಕು.

ಮೌಲ್ಯಮಾಪನಕ್ಕೆ ಒಂದು ಲೆಕ್ಕ: ರ‍್ಯಾಕಿನಲ್ಲಿ 40 ಸರ್ವರುಗಳು, ಪ್ರತಿಯೊಂದೂ ಎರಡು ಸ್ವಿಚ್ಚುಗಳಿಗೆ ತಲಾ 25 ಗಿಗಾಬಿಟ್‌ನಲ್ಲಿ ಜೋಡಿಸಲ್ಪಟ್ಟಿದೆ, ಪ್ರತಿ ಸ್ವಿಚ್ಚಿನಿಂದ ಮೇಲಕ್ಕೆ 100 ಗಿಗಾಬಿಟ್‌ನ ನಾಲ್ಕು ದಾರಿಗಳು. ಒಂದು ಸ್ವಿಚ್ ಕೆಟ್ಟರೆ ಅನುಪಾತ ಏನಾಗುತ್ತದೆ? ಇಮ್ಮಡಿಯಾಗುತ್ತದೆಂದು ಹಲವರು ಬರೆಯುವ ಸಂಭವವಿದೆ. ಮೊದಲು ಕೆಳಗೆ 2000, ಮೇಲೆ 800. ಕೆಟ್ಟ ಮೇಲೆ ಕೆಳಗೆ 1000, ಮೇಲೆ 400. ಎರಡು ಸಲವೂ 5:2. ಬದಲಾದದ್ದು ಅನುಪಾತವಲ್ಲ, ಒಟ್ಟು ಸಾಮರ್ಥ್ಯ ಅರ್ಧವಾಗಿದೆ. ಹಾಗಾದರೆ ಫಲಿತಾಂಶದ ದಿನ ಆ ಸಮೂಹ ತಡೆದೀತೇ ಎಂದು ಮುಂದುವರಿಸಿ ಕೇಳಬೇಕು. ಸಾಮಾನ್ಯ ದಿನಗಳಲ್ಲಿ ಮೇಲಿನ 800ರಲ್ಲಿ 300 ಮಾತ್ರ ಬಳಕೆಯಾಗುತ್ತಿದ್ದರೆ ಉಳಿದ 400 ಸಾಕು, ಯಾರಿಗೂ ಏನೂ ತಿಳಿಯುವುದಿಲ್ಲ. ಆ ದಿನ 600ರಷ್ಟು ಬೇಡಿಕೆ ಬಂದರೆ ಪುಟಗಳು ನಿಧಾನವಾಗುತ್ತವೆ, ಕೆಲವು ತೆರೆಯುವುದೇ ಇಲ್ಲ. ಎರಡು ಸಂಖ್ಯೆಗಳನ್ನೂ ಬರೆದು ಕಾರಣ ಕೊಟ್ಟವರಿಗೆ ಪೂರ್ಣ ಅಂಕ.